ಆಗದೇ ಹೋದ ಅನಾಹುತದ ಲೆಕ್ಕ

ಮುಂಬಯಿ ತನ್ನ ಗಾಯಗಳನ್ನು ತಾರೀಖುಗಳಲ್ಲಿ ನೆನಪಿಟ್ಟುಕೊಂಡಿರುವ ಊರು. 1993ರ ಮಾರ್ಚ್ 12, 2006ರ ಜುಲೈ 11, 2008ರ ನವೆಂಬರ್ 26. ಚೆಂಬೂರಿನ ಯಾವ ಕನ್ನಡಿಗರ ಮನೆಯಲ್ಲಿ ಈ ದಿನಗಳ ಹೆಸರೆತ್ತಿದರೂ ಮುಂದಿನದನ್ನು ವಿವರಿಸಬೇಕಾಗಿಲ್ಲ. ಅಂದು ಯಾರು ಎಲ್ಲಿದ್ದರು, ಯಾವ ಗಾಡಿ ತಪ್ಪಿತು, ಎಷ್ಟು ಹೊತ್ತಿಗೆ ಮನೆ ತಲುಪಿದರು ಎಂಬುದೆಲ್ಲ ತಾನಾಗಿಯೇ ಮಾತಿಗೆ ಬರುತ್ತದೆ. ಆದರೆ 2008ರ ಡಿಸೆಂಬರ್ 3 ಎಂದರೆ ಹೆಚ್ಚಿನವರಿಗೆ ಏನೂ ಹೊಳೆಯುವುದಿಲ್ಲ. ಅಂದು ಸಿಎಸ್‌ಟಿ ನಿಲ್ದಾಣದಲ್ಲಿ, ನವೆಂಬರ್ 26ರ ದಾಳಿಯ ರಾತ್ರಿ ಜನ ಬಿಟ್ಟು ಓಡಿದ ಸಾಮಾನುಗಳ ರಾಶಿಯಲ್ಲಿ, ಸುಮಾರು 8 ಕಿಲೋ ಸ್ಫೋಟಕವಿದ್ದ ಚೀಲ ಪತ್ತೆಯಾಯಿತು. ಒಂದು ವಾರ ಅದು ಅಲ್ಲೇ ಇತ್ತು. ಆ ಒಂದು ವಾರ ಚೆಂಬೂರು, ತಿಲಕನಗರ, ಕುರ್ಲಾಗಳಲ್ಲಿ ಹಾರ್ಬರ್ ಲೋಕಲ್ ಹತ್ತಿದವರು, ಹಳಬರು ಇಂದಿಗೂ ವಿಟಿ ಎನ್ನುವ ಅದೇ ನಿಲ್ದಾಣದಲ್ಲಿ ಇಳಿದು ಕೆಲಸಕ್ಕೆ ಹೋಗಿ ಸಂಜೆ ಹಿಂತಿರುಗಿದ್ದರು. ಚೀಲ ಸಿಡಿಯಲಿಲ್ಲ, ಹಾಗಾಗಿ ಆ ದಿನಕ್ಕೆ ನಮ್ಮ ನೆನಪಿನಲ್ಲಿ ಜಾಗವೂ ಸಿಗಲಿಲ್ಲ. ಆದ ಅನಾಹುತಕ್ಕೆ ಸ್ಮಾರಕವಿದೆ, ಆಗದೇ ಹೋದದ್ದಕ್ಕೆ ಲೆಕ್ಕವೇ ಇಲ್ಲ. ಪೊಲೀಸ್ ಇಲಾಖೆಯಲ್ಲಿ ದುಡಿದು ಸತ್ತ ನಾಯಿಗಳನ್ನು ಹೇಗೆ ನೆನೆಯಬೇಕು ಎಂಬ ಪ್ರಶ್ನೆ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ. ಅವುಗಳ ದುಡಿಮೆಯ ಬಹುಪಾಲು ಈ ಲೆಕ್ಕವಿಲ್ಲದ ಕಡೆಯಲ್ಲೇ ಇದೆ.

ಮುಂಬಯಿ ಪೊಲೀಸರ ಶ್ವಾನದಳ ಆರಂಭವಾದದ್ದು 1959ರ ಡಿಸೆಂಬರ್‌ನಲ್ಲಿ, ಮೂರು ಡಾಬರ್‌ಮನ್ ನಾಯಿಗಳೊಂದಿಗೆ. ಕಳ್ಳರ, ಕೊಲೆಗಾರರ ಜಾಡು ಹಿಡಿಯುವುದು ಅಂದಿನ ಕೆಲಸ. ಬಾಂಬು ಹುಡುಕುವ ನಾಯಿಯನ್ನು ಊರಿನ ಜನ ಹೆಸರು ಹಿಡಿದು ಗುರುತಿಸಿದ್ದು 1993ರ ಸರಣಿ ಸ್ಫೋಟದ ನಂತರ. ಆ ಹೆಸರು ಜಂಜೀರ್. 1992ರ ಜನವರಿಯಲ್ಲಿ ಹುಟ್ಟಿ, ಪುಣೆಯಲ್ಲಿ ತರಬೇತಿ ಪಡೆದು, ಅದೇ ವರ್ಷದ ಕೊನೆಯಲ್ಲಿ ಬಾಂಬ್ ಪತ್ತೆ ಮತ್ತು ನಿಷ್ಕ್ರಿಯ ದಳಕ್ಕೆ ಸೇರಿದ ಲ್ಯಾಬ್ರಡಾರ್ ಅದು. ದಳಕ್ಕೆ ಬಂದು ಮೂರು ತಿಂಗಳಾಗುವಷ್ಟರಲ್ಲಿ 257 ಜನರನ್ನು ಬಲಿ ತೆಗೆದುಕೊಂಡ ಸ್ಫೋಟಗಳು ನಡೆದವು. ಆಮೇಲಿನ ದಿನಗಳಲ್ಲಿ ನಗರದಲ್ಲೂ ಠಾಣೆಯ ಕಡೆಯಲ್ಲೂ ಅಡಗಿಸಿಟ್ಟ ಸ್ಫೋಟಕಗಳನ್ನು ಅದು ಒಂದಾದ ಮೇಲೊಂದರಂತೆ ತೋರಿಸಿಕೊಟ್ಟಿತು. ಅದರ ಹೆಸರಿನಲ್ಲಿ ದಾಖಲಾಗಿರುವುದು 3,329 ಕಿಲೋ ಆರ್‌ಡಿಎಕ್ಸ್, 600 ಡಿಟೋನೇಟರ್, 249 ಕೈಬಾಂಬು, 6,406 ಸುತ್ತು ಗುಂಡು. 2000ದ ನವೆಂಬರ್ 16ರಂದು, ಎಂಟು ದಾಟಿ ಒಂಬತ್ತು ತುಂಬುವ ಮೊದಲೇ, ಕಾಯಿಲೆಯಿಂದ ತೀರಿಕೊಂಡಿತು. ಹೂಗಳ ನಡುವೆ ಮಲಗಿದ ಜಂಜೀರ್‌ಗೆ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಪುಷ್ಪಗುಚ್ಛವಿಡುವ ಚಿತ್ರ ಇಂದಿಗೂ ಕೈಯಿಂದ ಕೈಗೆ ಹೋಗುತ್ತಲೇ ಇದೆ. ಚಿತ್ರದ ಜೊತೆಗೆ ಮೇಲಿನ ಅಂಕಿಗಳೂ ಹೋಗುತ್ತವೆ. ಆದರೆ ಆ 3,329 ಕಿಲೋದಲ್ಲಿ ಯಾವ ದಿನ, ಯಾವ ಗಲ್ಲಿಯಲ್ಲಿ ಎಷ್ಟು ಸಿಕ್ಕಿತು, ಅದರ ಹಗ್ಗ ಹಿಡಿದ ಪೇದೆ ಯಾರು, ಅಲ್ಲಿ ಸಿಡಿದಿದ್ದರೆ ಸುತ್ತ ಎಷ್ಟು ಮನೆಗಳಿದ್ದವು ಎಂಬುದು ಆ ಚಿತ್ರದ ಜೊತೆ ಬರುವುದಿಲ್ಲ. ಮೊತ್ತ ಉಳಿಯಿತು, ವಿವರ ಕಳಚಿತು.

ಈ ವಿವರ ಯಾಕೆ ಬೇಕು ಎಂದು ತಿಳಿಯಲು ಕೆಲಸದ ಸ್ವರೂಪವನ್ನೇ ನೋಡಬೇಕು. ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಐವತ್ತು ಅರವತ್ತು ಲಕ್ಷದಷ್ಟಿದ್ದರೆ ನಾಯಿಯ ಮೂಗಿನಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು. ಒಳಗೆಳೆದ ಗಾಳಿಯ ಒಂದು ಭಾಗವನ್ನು ಉಸಿರಾಟಕ್ಕೆ, ಇನ್ನೊಂದನ್ನು ವಾಸನೆಗೆ ಎಂದು ಅದು ಬೇರ್ಪಡಿಸಿಕೊಳ್ಳುತ್ತದೆ. ಹೊರಬಿಡುವ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹೋಗುವುದರಿಂದ ಮುಂದಿನ ವಾಸನೆ ಕಲಸಿಹೋಗುವುದಿಲ್ಲ. ಆರ್‌ಡಿಎಕ್ಸ್‌ನಂಥ ಸ್ಫೋಟಕ ಗಾಳಿಗೆ ಬಿಟ್ಟುಕೊಡುವ ವಾಸನೆ ಅತ್ಯಲ್ಪ. ಅದನ್ನು ಮೀನಿನ ಬುಟ್ಟಿ, ಹೂವಿನ ಮೂಟೆ, ಬೆವರು, ಡೀಸೆಲ್ ಎಲ್ಲ ಬೆರೆತ ರೈಲು ನಿಲ್ದಾಣದಲ್ಲಿ ಬಿಡಿಸಿಕೊಳ್ಳಬೇಕು. ಸೆಕೆಯಲ್ಲಿ ನಾಲಗೆ ಚಾಚಿ ಏದುಸಿರು ಬಿಡತೊಡಗಿದರೆ ಮೂಗು ಮಂದವಾಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ದುಡಿಸಿ ನೆರಳು, ನೀರು ಕೊಟ್ಟು ಮತ್ತೆ ಕೆಲಸಕ್ಕಿಳಿಸಬೇಕು. ಕಳ್ಳನ ಜಾಡು ಹಿಡಿದ ನಾಯಿ ಓಡುತ್ತದೆ, ನೋಡುವವರಿಗೆ ಅಲ್ಲೊಂದು ಸಾಹಸ ಕಾಣುತ್ತದೆ. ಬಾಂಬು ಹುಡುಕುವ ನಾಯಿ ಹಾಗಲ್ಲ. ಬೊಗಳಿದರೆ, ಕಾಲಿನಿಂದ ಕೆರೆದರೆ ಸಿಡಿಯಬಹುದು ಎಂಬ ಕಾರಣಕ್ಕೆ ವಾಸನೆ ಸಿಕ್ಕ ಕಡೆ ಸದ್ದಿಲ್ಲದೆ ಕುಳಿತುಬಿಡುವಂತೆ ಅದನ್ನು ಪಳಗಿಸಿರುತ್ತಾರೆ. ಅದರ ಅತಿದೊಡ್ಡ ಸಾಧನೆ ಕಣ್ಣಿಗೆ ಕಾಣುವುದು ಸುಮ್ಮನೆ ಕುಳಿತ ನಾಯಿಯಾಗಿ. ಬಹಳಷ್ಟು ದಿನ ಅದು ಕೂರುವುದೂ ಇಲ್ಲ. ಗಣೇಶೋತ್ಸವದಲ್ಲಿ ತಿಲಕನಗರದ ಮಂಟಪದಂಥ ಜನಜಾತ್ರೆಗೆ ಮುನ್ನ, ಗಣ್ಯರು ಬರುವ ಮುನ್ನ, ವಾರಸುದಾರರಿಲ್ಲದ ಚೀಲ ಕಂಡಾಗ, ಒಂದು ಸುತ್ತು ಮೂಸಿ ಏನೂ ಇಲ್ಲವೆಂದು ತಿಳಿಸಿ ಹೊರಟುಹೋಗುತ್ತದೆ. ಹಾಗೆ ಖಾತ್ರಿಯಾದ ಮೇಲಷ್ಟೇ ಜನ ನಿರಾಳವಾಗಿ ಒಳಗೆ ಬರುತ್ತಾರೆ. ಈ ನಿರಾಳವನ್ನು ಯಾವ ಪತ್ರಿಕೆಯೂ ಸುದ್ದಿ ಮಾಡಲಾರದು.

2008ರ ದಾಳಿಯಲ್ಲಿ ದುಡಿದ ನಾಲ್ಕು ನಾಯಿಗಳ ಕತೆಯಲ್ಲಿ ಇದು ಇನ್ನೂ ಸ್ಪಷ್ಟ. ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್. ನಾಲ್ಕೂ ಲ್ಯಾಬ್ರಡಾರ್‌ಗಳು, ಮುಂಬಯಿಯ ಬಾಂಬ್ ಪತ್ತೆ ದಳದವು. ತಾಜ್ ಹೋಟೆಲಿನ ಬಳಿ 8 ಕಿಲೋ ಆರ್‌ಡಿಎಕ್ಸ್ ಮತ್ತು 25 ಗ್ರೆನೇಡುಗಳನ್ನು ಮ್ಯಾಕ್ಸ್ ಪತ್ತೆ ಮಾಡಿತ್ತೆಂದೂ, ಸಿಎಸ್‌ಟಿಯಲ್ಲಿ ಉಗ್ರರು ಬಿಟ್ಟುಹೋದ ಗ್ರೆನೇಡುಗಳನ್ನು ಸೀಸರ್ ತೋರಿಸಿ ಬಳಿಕ ನರೀಮನ್ ಹೌಸ್‌ನಲ್ಲಿ ದಿನಗಟ್ಟಲೆ ದುಡಿಯಿತೆಂದೂ ಅವುಗಳ ಸಾವಿನ ಸುದ್ದಿಯಲ್ಲಿ ಪತ್ರಿಕೆಗಳು ಬರೆದವು. ಗಮನಿಸಬೇಕಾದ್ದು ಇಲ್ಲಿಯೇ ಇದೆ. ಈ ವಿವರ ಹೆಚ್ಚಿನ ಓದುಗರಿಗೆ ತಿಳಿದದ್ದು 2016ರಲ್ಲಿ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಏಳು ತಿಂಗಳಲ್ಲಿ ನಾಲ್ಕೂ ಒಂದೊಂದಾಗಿ ತೀರಿಕೊಂಡಾಗ. ಕೊನೆಯದು ಸೀಸರ್, ಅಕ್ಟೋಬರ್ 13ರಂದು. ನಿವೃತ್ತಿಯ ನಂತರ ಅವು ಇದ್ದದ್ದು ವಿರಾರ್‌ನಲ್ಲಿ, ಪ್ರಾಣಿಗಳನ್ನು ಪ್ರೀತಿಸುವವರ ಖಾಸಗಿ ತೋಟವೊಂದರಲ್ಲಿ. ಸತ್ತ ದಿನ ತ್ರಿವರ್ಣ ಧ್ವಜ, ಹೂವು, ಕಣ್ಣೀರು ಎಲ್ಲವೂ ಇದ್ದವು, ಪ್ರಾಮಾಣಿಕವಾಗಿಯೇ ಇದ್ದವು. ಆದರೆ ಎಂಟು ವರ್ಷದ ಹಿಂದಿನ ಕೆಲಸದ ವಿವರ ಊರಿಗೆ ಗೊತ್ತಾಗಲು ಸಾವು ಬರಬೇಕಾಯಿತು, ಮುಪ್ಪಿನ ಆಸರೆಗೆ ಯಾರದೋ ಸ್ವಂತ ಕರುಣೆ ಒದಗಬೇಕಾಯಿತು. ನಮ್ಮ ನೆನೆಯುವ ಕ್ರಮದಲ್ಲಿರುವ ಎರಡು ಕೊರತೆಗಳು ಇವೇ: ಬರೆದಿಡುವುದಿಲ್ಲ, ನೆನಪನ್ನು ನೋಡಿಕೊಳ್ಳುವ ಹೊಣೆಯನ್ನು ಯಾರಿಗೂ ಒಪ್ಪಿಸುವುದಿಲ್ಲ.

ಈ ಎರಡನ್ನೂ ಮಾಡಿದ ಒಂದು ಮಾದರಿ ಕನ್ನಡ ನಾಡಿನಲ್ಲೇ ಇದೆ, ಅದೂ ಸಾವಿರ ವರ್ಷಕ್ಕೂ ಹಿಂದಿನದು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಕಾಲ ಶಕ 872, ಅಂದರೆ ಕ್ರಿ.ಶ. 949–50. ಆದರೆ ಆ ಕಲ್ಲು ನೆಟ್ಟದ್ದು ರಾಜನಿಗಾಗಿ ಅಲ್ಲ, ಒಂದು ನಾಯಿಗಾಗಿ. ಬೂತುಗನ ಸೇವೆಯಲ್ಲಿದ್ದ ಮಣಲೇರ ಯುದ್ಧದಲ್ಲಿ ಪರಾಕ್ರಮ ತೋರಿದಾಗ, ಏನು ಬೇಕೋ ಕೇಳು ಎಂದ ಒಡೆಯನ ಬಳಿ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಕಾದಾಡಿ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗಿನ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿಗಳ ಹೋರಾಟದ ಚಿತ್ರವಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಅರ್ಚಕನು, ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂಬ ಕಟ್ಟಳೆಯೂ ಇದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆ ಶಾಸನವನ್ನು ಭಾವುಕತೆ ಬದಿಗಿಟ್ಟು, ಒಂದು ಕಡತ ಓದುವಂತೆ ಓದಿದರೆ ಅದರ ಅಚ್ಚುಕಟ್ಟು ಬೆರಗು ಹುಟ್ಟಿಸುತ್ತದೆ. ನಾಯಿಯ ಹೆಸರು, ಅದು ಯಾರಿಂದ ಯಾರಿಗೆ ಯಾಕೆ ಬಂತು ಎಂಬ ಹಿನ್ನೆಲೆ, ಸತ್ತ ಜಾಗ, ಎದುರಾಳಿ, ಕಲ್ಲು ನಿಂತ ಜಾಗ, ನಿರ್ವಹಣೆಗೆ ಆದಾಯದ ಮೂಲ, ಹೊಣೆ ಹೊತ್ತವನು, ಹೊಣೆ ತಪ್ಪಿದರೆ ಆಗುವುದು. ಒಂದೂ ಬಿಟ್ಟುಹೋಗಿಲ್ಲ. ಕಾಳಿಯನ್ನು ಮಹಾ ನಾಯಿಯೆಂದು ಬಾಯ್ತುಂಬ ಹೊಗಳಿ ಮಣಲೇರ ಸುಮ್ಮನಾಗಬಹುದಿತ್ತು. ಹಾಗಾಗಿದ್ದರೆ ನಮಗೆ ಕಾಳಿಯ ಹೆಸರೂ ಸಿಗುತ್ತಿರಲಿಲ್ಲ. ಇಂದಿನ ನಮ್ಮ ವಿಧಿಗಳಲ್ಲಿ ಹೊಗಳಿಕೆಗೆ ಕೊರತೆಯಿಲ್ಲ. ಮರಾಠವಾಡದ ಬೀಡ್‌ನಲ್ಲಿ 300ಕ್ಕೂ ಹೆಚ್ಚು ಪ್ರಕರಣಗಳಿಗೆ ನೆರವಾದ ರಾಕಿ ಎಂಬ ಪೊಲೀಸ್ ನಾಯಿ ಸತ್ತಾಗ ಸಿಕ್ಕ ಗೌರವವನ್ನು ಪ್ರಧಾನಿಯವರು 2020ರ ಆಗಸ್ಟ್ 30ರ ಬಾನುಲಿ ಭಾಷಣದಲ್ಲಿ ಪ್ರಸ್ತಾಪಿಸಿದರು. 2019ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿದ ದಾವಣಗೆರೆಯ ತುಂಗಾ ಸತ್ತಾಗಲೂ ಊರು ಮರುಗಿತು. ಈ ಗೌರವಗಳನ್ನು ನಾನು ಕಡೆಗಣಿಸುತ್ತಿಲ್ಲ, ಅವು ಬೇಕು. ನನ್ನ ವಾದವಿಷ್ಟೇ: ಗೌರವಕ್ಕೆಂದು ಹಾರಿಸುವ ಗುಂಡಿನ ಸದ್ದು ಅಂದೇ ಅಡಗುತ್ತದೆ. ಕೆಲಸ ಮಾಡಿದ ನಾಯಿಗೆ ಸಲ್ಲಬೇಕಾದ ನೆನಪು ಎಂದರೆ ಪ್ರಕರಣವಾರು ಬರೆದಿಟ್ಟ, ಸಾರ್ವಜನಿಕರು ಓದಬಹುದಾದ ದಾಖಲೆ, ಮತ್ತು ಇನ್ನೂ ಬದುಕಿರುವ ಅದರ ಜೊತೆಗಾರರ ಮುಪ್ಪಿಗೆ ಒಂದು ಖಚಿತ ಏರ್ಪಾಡು.

ಇದಕ್ಕೆ ಮೊದಲ ಆಕ್ಷೇಪ ನೇರವಾದದ್ದು. ಗೌರವವೆಂದರೇನೆಂದು ನಾಯಿಗೆ ಗೊತ್ತಿಲ್ಲ. ಅದು ದೇಶಕ್ಕಾಗಿ ದುಡಿಯಲಿಲ್ಲ, ಚೆಂಡಿಗಾಗಿ, ತುತ್ತಿಗಾಗಿ, ಸಾಕಿದವನ ಮೆಚ್ಚುಗೆಗಾಗಿ ದುಡಿಯಿತು. ಇದು ನಿಜ, ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸ್ಫೋಟಕದ ವಾಸನೆಯನ್ನು ಆಟದ ಜೊತೆ ಬೆಸೆದೇ ನಾಯಿಗೆ ತರಬೇತಿ ಕೊಡುವುದು. ಅದರ ಪಾಲಿಗೆ ಆರ್‌ಡಿಎಕ್ಸ್ ಎಂದರೆ ಚೆಂಡು ಸಿಗುವ ಸೂಚನೆ. ಆದ್ದರಿಂದ ತ್ಯಾಗ, ಬಲಿದಾನ ಎಂಬ ಮಾತುಗಳನ್ನು ನಾಯಿಯ ಸಮಾಧಿಯ ಮೇಲೆ ಕೆತ್ತುವುದು ಸರಿಯಲ್ಲ. ಅಪಾಯ ತಿಳಿದು ಹೆಜ್ಜೆಯಿಟ್ಟವನದ್ದು ತ್ಯಾಗ. ನಾಯಿಗೆ ಅಪಾಯ ತಿಳಿಸುವ ದಾರಿಯೇ ಇರಲಿಲ್ಲ. ಆದರೆ ಇದರಿಂದ ನಮ್ಮ ಬಾಧ್ಯತೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಒಪ್ಪಿ ಬಂದವನೊಡನೆ ನಮಗೆ ಕರಾರು ಇರುತ್ತದೆ, ಸಂಬಳ, ಪಿಂಚಣಿ ಇರುತ್ತವೆ. ಕೇಳದೆಯೇ ಅಪಾಯದ ಮುಂದೆ ನಿಲ್ಲಿಸಿದ ಜೀವದ ವಿಷಯದಲ್ಲಿ ಕರಾರಿಲ್ಲ. ಉಳಿಯುವುದು ಋಣ ಮಾತ್ರ. ಋಣ ತೀರಿಸುವಾಗ, ಪಡೆಯುವವನಿಗೆ ತಿಳಿಯುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ತೀರಿಹೋದ ಹಿರಿಯರಿಗೆ ಎಡೆಯಿಡುವ ಮನೆಯಲ್ಲಿ ಈ ಮಾತನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಭಾರವಾದದ್ದು. 2008ರ ದಾಳಿಯಲ್ಲಿ ಸತ್ತವರು 166 ಮಂದಿ. ತುಕಾರಾಮ್ ಓಂಬಳೆಯವರಂತೆ ಬರಿಗೈಯಲ್ಲಿ ಬಂದೂಕಿನ ನಳಿಗೆ ಹಿಡಿದ ಪೊಲೀಸರಿದ್ದಾರೆ. ಹೆಸರೇ ಕೇಳದ ರೈಲ್ವೆ ನೌಕರರು, ಹೋಟೆಲ್ ಕೆಲಸಗಾರರು ಇದ್ದಾರೆ. ಅವರ ಮನೆಯವರ ಪಾಡನ್ನೇ ನೆಟ್ಟಗೆ ವಿಚಾರಿಸದ ಸಮಾಜ ನಾಯಿಗೆ ಕಲ್ಲು ನೆಡುವುದು ತಾರತಮ್ಯವಲ್ಲವೇ? ಮನುಷ್ಯರನ್ನು ಮರೆತು ನಾಯಿಯನ್ನು ನೆನೆದರೆ ಅದು ತಪ್ಪೇ. ಆದರೆ ನೆನಪು ರೇಷನ್ ಅಂಗಡಿಯ ಅಕ್ಕಿಯಲ್ಲ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗಲು. ಅದಕ್ಕಿಂತ ಮುಖ್ಯವಾಗಿ, ಪೊಲೀಸ್ ನಾಯಿ ಎಂದೂ ಒಂಟಿಯಾಗಿ ದುಡಿಯುವುದಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಒಬ್ಬ ಪೇದೆ ಇರುತ್ತಾನೆ. ನಾಯಿಯ ಕಿವಿ ನಿಮಿರಿದ್ದು, ಬಾಲದ ಆಟ ನಿಧಾನವಾದದ್ದು, ಉಸಿರಿನ ಲಯ ಬದಲಾದದ್ದು ಅವನಿಗೆ ಮಾತ್ರ ಅರ್ಥವಾಗುತ್ತದೆ. ಸಿಡಿದರೆ ನಾಯಿಯ ಜೊತೆ ಅವನೂ ಹೋಗುತ್ತಾನೆ. 2015ರಲ್ಲಿ ಕಾಶ್ಮೀರದ ತಂಗ್‌ಧಾರ್‌ನಲ್ಲಿ ಸೇನೆಯ ಮಾನ್ಸಿ ಎಂಬ ಲ್ಯಾಬ್ರಡಾರ್ ನುಸುಳುಕೋರರ ಗುಂಡಿಗೆ ಬಲಿಯಾದಾಗ ಅದರ ನಿರ್ವಾಹಕನೂ ಪ್ರಾಣ ಕಳೆದುಕೊಂಡ. ನಗರದ ಬಾಂಬ್ ದಳದ ಪೇದೆಗೆ ಪದಕ ಸಿಗುವುದು ಅಪರೂಪ, ಅವನ ಕೆಲಸವೂ ಆಗದೇ ಹೋದ ಅನಾಹುತದ ಲೆಕ್ಕಕ್ಕೇ ಸೇರಿದ್ದರಿಂದ. ಜಂಜೀರ್‌ನ ಪ್ರತಿಯೊಂದು ಪತ್ತೆಯನ್ನೂ ದಿನ, ಜಾಗ ಹಾಕಿ ಪ್ರಕಟಿಸಿದರೆ ಪಕ್ಕದ ಅಂಕಣದಲ್ಲಿ ಒಬ್ಬ ಮನುಷ್ಯನ ಹೆಸರೂ ಬಂದೇ ಬರುತ್ತದೆ. ನಾಯಿಯ ಪುಟ ತೆರೆದರೆ ಪೇದೆಯ ಪುಟವೂ ತೆರೆಯುತ್ತದೆ.

ಮೂರನೆಯದು ಕಾನೂನು ಬಲ್ಲವರ ಸಂಶಯ. ನಾಯಿ ತಪ್ಪುತ್ತದೆ, ಅದನ್ನು ನಂಬಿ ನಿರಪರಾಧಿಯನ್ನು ಹಿಡಿಯುವ ಅಪಾಯವಿದೆ, ಹೀಗಿರುವಾಗ ಅದನ್ನು ಕಲ್ಲಿನ ಮೇಲೆ ವೀರನಾಗಿಸುವುದು ಎಷ್ಟು ಸರಿ? ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಮೊದಲಿಂದಲೂ ಎಚ್ಚರ ವಹಿಸಿದೆ. ಮಹಾರಾಷ್ಟ್ರದ ರೈಲು ಹಳಿ ತಪ್ಪಿದ ಪ್ರಕರಣವೊಂದರಲ್ಲಿ, 1969ರ ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ತೀರ್ಪಿನಲ್ಲಿ, ಜಾಡು ಹಿಡಿದ ನಾಯಿಯ ಸಾಕ್ಷ್ಯಕ್ಕೆ ಹೆಚ್ಚಿನ ತೂಕ ಕೊಡಲು ಅದು ಒಪ್ಪಲಿಲ್ಲ. 2001ರ ಗಾದೆ ಲಕ್ಷ್ಮೀ ಮಂಗರಾಜು ತೀರ್ಪಿನಲ್ಲೂ ಇದೇ ಎಚ್ಚರವಿದೆ. ನಾಯಿಯನ್ನು ಕಟಕಟೆ ಹತ್ತಿಸಿ ಪಾಟೀಸವಾಲು ಮಾಡಲಾಗದು. ಅದು ತಿಳಿದದ್ದನ್ನು ನಿರ್ವಾಹಕನ ಬಾಯಿಂದ ಕೇಳಬೇಕು. ಮನುಷ್ಯನ ಸ್ವಾತಂತ್ರ್ಯವನ್ನು ಅಷ್ಟರ ಮೇಲೆ ನಿಲ್ಲಿಸಲಾಗದು. ಹೀಗಾಗಿ ನಾಯಿಯ ಜಾಡು ತನಿಖೆಗೆ ದಾರಿ ತೋರಬಹುದು, ಅದೊಂದೇ ಶಿಕ್ಷೆಗೆ ಆಧಾರವಾಗದು. ಈ ಎಚ್ಚರ ನ್ಯಾಯವಾದದ್ದು. ಆದರೆ ಇದು ನನ್ನ ವಾದವನ್ನು ಬಲಪಡಿಸುತ್ತದೆ. ಹೊಗಳಿಕೆಯಲ್ಲಿ ತಪ್ಪುಗಳು ಮುಚ್ಚಿಹೋಗುತ್ತವೆ, ದಾಖಲೆಯಲ್ಲಿ ಉಳಿಯುತ್ತವೆ. ಎಷ್ಟು ಸಲ ನಾಯಿ ಕುಳಿತಾಗ ಸ್ಫೋಟಕ ಸಿಕ್ಕಿತು, ಎಷ್ಟು ಸಲ ಸಿಗಲಿಲ್ಲ, ಯಾವ ಹವೆಯಲ್ಲಿ, ಎಷ್ಟು ತಾಸು ದುಡಿದ ಮೇಲೆ ಮೂಗು ಸೋತಿತು ಎಂಬುದನ್ನೆಲ್ಲ ಬರೆದಿಟ್ಟರೆ ಸತ್ತ ನಾಯಿಯ ದುಡಿಮೆ ಮುಂದಿನ ಮರಿಯ ತರಬೇತಿಗೆ ಪಾಠವಾಗುತ್ತದೆ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ನಾಯಿಗಳ ತಳಿ ಸಂವರ್ಧನೆ ಮತ್ತು ತರಬೇತಿ ಶಾಲೆಯಿದೆ, ಪುಣೆಯಲ್ಲಿ ಮಹಾರಾಷ್ಟ್ರ ಪೊಲೀಸರ ತರಬೇತಿ ಕೇಂದ್ರವಿದೆ. ಕಲಿಸುವವರಿಗೆ ಶೋಕಗೀತೆಗಿಂತ ಇಂಥ ದಾಖಲೆಯೇ ಹೆಚ್ಚು ಬೆಲೆಯುಳ್ಳದ್ದು.

ಇನ್ನು ಏರ್ಪಾಡಿನ ಮಾತು, ಆತಕೂರಿನಲ್ಲಿ ಮಣಲೇರ ಭೂಮಿ ಬಿಟ್ಟು ತೋರಿಸಿದ ಎರಡನೆಯ ಅರ್ಧ. ನಾಯಿಯ ಸೇವಾವಧಿ ಹೆಚ್ಚೆಂದರೆ ಎಂಟು ಹತ್ತು ವರ್ಷ. ಅಷ್ಟರಲ್ಲಿ ಕೀಲು ಸವೆದಿರುತ್ತದೆ, ಕಣ್ಣು ಮಂಜಾಗಿರುತ್ತದೆ, ಮೂಗೂ ಮೊದಲಿನಂತಿರುವುದಿಲ್ಲ. ಆಮೇಲಿನ ಎರಡು ಮೂರು ವರ್ಷ ಯಾರ ಲೆಕ್ಕಕ್ಕೆ? ಅಮೆರಿಕದಲ್ಲಿ ಸೇನಾ ನಾಯಿಗಳನ್ನು ಬಹುಕಾಲ ಸಲಕರಣೆ ಎಂದೇ ಪರಿಗಣಿಸಿದ್ದರು. ವಿಯೆಟ್ನಾಂ ಯುದ್ಧದಲ್ಲಿ ದುಡಿದ ಸುಮಾರು 4,000 ನಾಯಿಗಳಲ್ಲಿ ಹೆಚ್ಚಿನವು ಮನೆಗೆ ಮರಳಲಿಲ್ಲ. ನಿವೃತ್ತ ನಾಯಿಗಳನ್ನು ದತ್ತು ಕೊಡಬಹುದೆಂಬ ಕಾನೂನು ಅಲ್ಲಿ ಬಂದದ್ದು 2000ದ ನವೆಂಬರ್‌ನಲ್ಲಿ, ನಮ್ಮ ಜಂಜೀರ್ ತೀರಿಕೊಂಡ ತಿಂಗಳಲ್ಲೇ. ನಮ್ಮ ಸೇನೆಯಲ್ಲಿ ಕೆಲಸಕ್ಕೆ ಬಾರದ ನಾಯಿಗಳಿಗೆ ದಯಾಮರಣ ಕೊಡುವ ಪದ್ಧತಿಯಿತ್ತೆಂಬುದು 2015ರ ಹೊತ್ತಿಗೆ ಚರ್ಚೆಗೆ ಬಂದು, ಪುನರ್ವಸತಿಯ ನೀತಿ ರೂಪಿಸುವುದಾಗಿ ಸರ್ಕಾರ ದೆಹಲಿ ಹೈಕೋರ್ಟಿಗೆ ಹೇಳಬೇಕಾಯಿತು. ವಿರಾರ್‌ನ ತೋಟ ನಾಲ್ಕು ನಾಯಿಗಳಿಗೆ ಆಸರೆಯಾದದ್ದು ದೊಡ್ಡ ಮಾತು. ಆದರೆ ಒಳ್ಳೆಯವರು ಸಿಕ್ಕರು ಎಂಬುದನ್ನು ವ್ಯವಸ್ಥೆ ಎನ್ನಲಾಗದು. ನಾಯಿ ದಳಕ್ಕೆ ಸೇರುವ ದಿನವೇ ಅದರ ಕೊನೆಯ ವರ್ಷಗಳ ಊಟ, ಔಷಧ, ಜಾಗದ ಖರ್ಚನ್ನು ಬಜೆಟ್ಟಿನಲ್ಲಿ ತೆಗೆದಿಟ್ಟರೆ, ಸಾಕಿದ ಪೇದೆಯೇ ಮನೆಗೊಯ್ಯಲು ಬಯಸಿದಾಗ ಆ ಖರ್ಚು ಅವನ ಸಂಬಳಕ್ಕೆ ಬೀಳದಂತೆ ನೋಡಿಕೊಂಡರೆ, ಅದು ಜಂಜೀರ್‌ಗೆ ಸಲ್ಲುವ ನಿಜವಾದ ಪೂಜೆ.

ಚೆಂಬೂರಿನಲ್ಲಿ ಕೂತು ಇದನ್ನು ಹೇಳುವುದಕ್ಕೆ ಕಾರಣವಿದೆ. ಒಂದು ಕಡೆ ಮಾಹುಲ್‌ನ ತೈಲ ಸಂಸ್ಕರಣಾಗಾರಗಳು, ಆರ್‌ಸಿಎಫ್‌ನ ಗೊಬ್ಬರ ಕಾರ್ಖಾನೆ. ಆಚೆಗೆ ಟ್ರಾಂಬೆಯ ಅಣುಸಂಶೋಧನಾ ಕೇಂದ್ರ. ನಡುವೆ ಶಾಲೆ, ಗುಡಿ, ಸಂಘ, ಮಾರುಕಟ್ಟೆ, ಲಕ್ಷಗಟ್ಟಲೆ ಸಂಸಾರ. ಆಗದೇ ಹೋದದ್ದರ ಮೇಲೆ ಇಷ್ಟೊಂದು ಅವಲಂಬಿಸಿ ಬದುಕುವ ಬಡಾವಣೆಗಳು ಹೆಚ್ಚಿಲ್ಲ. ಇಲ್ಲಿನವರು ಕೇಳಬಹುದಾದದ್ದು ದೊಡ್ಡದೇನಲ್ಲ. ಜಂಜೀರ್ ತೀರಿಕೊಂಡ ದಿನವಾದ ನವೆಂಬರ್ 16ರಂದು ಪ್ರತಿ ವರ್ಷ, ಆ ವರ್ಷ ತೀರಿಕೊಂಡ ಮತ್ತು ನಿವೃತ್ತವಾದ ನಾಯಿಗಳ ಹೆಸರು, ನಿರ್ವಾಹಕರ ಹೆಸರು, ತನಿಖೆಗೆ ತೊಡಕಾಗದಷ್ಟು ಮಟ್ಟಿಗೆ ಅವು ಪತ್ತೆ ಮಾಡಿದ್ದರ ದಿನ ಮತ್ತು ಜಾಗ, ಈಗ ಅವು ಎಲ್ಲಿವೆ ಎಂಬ ವಿವರ, ಇಷ್ಟನ್ನು ಪೊಲೀಸ್ ಇಲಾಖೆ ಪ್ರಕಟಿಸಲಿ. ಮರಾಠಿಯಲ್ಲಿ ಬಂದರೆ ಅದನ್ನು ಕನ್ನಡದಲ್ಲಿ ಓದುವವರಿಗೆ ತಲುಪಿಸುವ ಕೆಲಸ ಇಲ್ಲಿನ ಪತ್ರಿಕೆಗಳದು, ಸಂಘಗಳದು. ಆತಕೂರಿನ ಶಾಸನ ಬರೆಸಿದವರಿಗೆ ಮನುಷ್ಯ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಪ್ರೀತಿಯೊಂದನ್ನೇ ನಂಬಿದರೆ ನಾಲ್ಕು ದಿನದಲ್ಲಿ ಕಲ್ಲಿನ ಮೇಲೆ ಧೂಳು ಕೂರುತ್ತದೆ ಎಂದು ತಿಳಿದೇ ಅವರು ನಾಯಿಯ ನೆನಪನ್ನು ಒಬ್ಬನ ದಿನದ ಊಟಕ್ಕೆ ಕಟ್ಟಿದರು. ಕಲ್ಲನ್ನು ಪೂಜಿಸಿ ಆಮೇಲೆ ಉಣ್ಣು ಎಂದರು. ಸಂಜೆ ವಿಟಿಯಲ್ಲಿ ಹತ್ತಿ, ಚೆಂಬೂರಿನಲ್ಲಿ ಇಳಿದು, ಮನೆಗೆ ಬಂದು ಉಣ್ಣುವ ನಾವೂ ಆ ಗೊರವನ ಜಾಗದಲ್ಲೇ ಇದ್ದೇವೆ.